ವೋಲಾಸ್ ಎಂಬ ಮಾತಿಗೆ ಸಾಕ್ಷಿ

ನನ್ನ ಮಗಳು ರಾಗ್ನಾಳ ಮದುವೆಯ ದಿನ ಬೆಳಿಗ್ಗೆ ನಾನು ಎಂದಿನಂತೆ, ಮಾರುವ ಮೀನಿಗೆ ಹೊಗೆ ಹಿಡಿಸುವ ನನ್ನ ಹೊಗೆಗೂಡಿನಲ್ಲಿ ಮೀನು ತಿರುವಿ ಹಾಕುತ್ತಿದ್ದೆ. ಮನೆಯಲ್ಲಿ ಮದುವೆ ಅಂತ ಮೀನು ಕಾಯುತ್ತದೆಯೇ? ಹಡಗೂ ಕಾಯುವುದಿಲ್ಲ. ಅಳಿಯನಾಗಬೇಕಾದವನು ಪರದೇಶದವನು, ಇಲ್ಲಿರಲು ಕೊಟ್ಟಿದ್ದ ಪರವಾನಗಿ ಮುಗಿದಿತ್ತು, ಸಂಜೆಯ ಹಡಗಿನಲ್ಲಿ ಸ್ವೀಡನ್ ಬಿಟ್ಟು ಹೋಗಲೇಬೇಕಿತ್ತು. ಇಲ್ಲದಿದ್ದರೆ ತಾವೇ ಕತ್ತು ಹಿಡಿದು ಹತ್ತಿಸುತ್ತೇವೆ ಎಂದು ಪೊಲೀಸರು ಹೇಳಿಯಾಗಿತ್ತು. ಸ್ವಿಟ್ಜರ್ಲೆಂಡಿನ ಒಂದು ಅಚ್ಚುಕೂಟದವರು ಅವನಿಗೆ ಕೆಲಸ ಕೊಟ್ಟಿದ್ದರು, ಅವನಿಗೂ ಅವನ ಹೆಂಡತಿಗೂ ಆ ದೇಶದೊಳಗೆ ಕಾಲಿಡಲು ಅನುಮತಿ ಕಳಿಸಿದ್ದರು. ಹೆಂಡತಿಗೆ ಅಂದರೆ ಹೆಂಡತಿಗೆ ಮಾತ್ರ. ಆದುದರಿಂದ ಮಧ್ಯಾಹ್ನ ಪುರಭವನದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಮದುವೆ ಆಗಬೇಕು, ಸಂಜೆ ಇಬ್ಬರೂ ಹಡಗು ಹತ್ತಬೇಕು. ಮದುವೆ ಆಗದಿದ್ದರೆ ಅವನೊಬ್ಬನೇ ಹೋಗಬೇಕು, ಮತ್ತೆ ಅವನನ್ನು ನಮ್ಮ ದೇಶದೊಳಗೆ ಬಿಡುವುದಿಲ್ಲ.

ಹುಡುಗನ ಹೆಸರು ಲೋರಾಂದ್ ಬೊದ್ನಾರ್. ಹಂಗೇರಿಯವನು, ಅಚ್ಚಿನ ಮೊಳೆ ಜೋಡಿಸುವ ಕೆಲಸದವನು. ಮಹಾಯುದ್ಧ ಮುಗಿದಾಗ ಅವನ ಊರು ಬೇರೆ ದೇಶದ ಪಾಲಾಗಿತ್ತು, ಕೆಲಸವೂ ಹೋಗಿತ್ತು. ಅವನ ಹತ್ತಿರ ಉಳಿದಿದ್ದುದು ಇಡೊ ಎಂಬ ಭಾಷೆ ಬಲ್ಲವರ ಒಂದಷ್ಟು ವಿಳಾಸಗಳು. ಅವರ ಮನೆಯಿಂದ ಇವರ ಮನೆಗೆ, ಇವರ ಮನೆಯಿಂದ ಇನ್ನೊಬ್ಬರ ಮನೆಗೆ ದಾಟುತ್ತಾ, ಸಿಕ್ಕಿದ ಕೆಲಸ ಮಾಡುತ್ತಾ, ಕಡೆಗೆ ಬಾಲ್ಟಿಕ್ ದಂಡೆಯ ನಮ್ಮ ಬಂದರಿಗೆ ಬಂದು ಮುಟ್ಟಿದ. ಕಾಲಲ್ಲಿ ಬೂಟಿತ್ತು, ಬೂಟಿಗೆ ಅಡಿಯಿರಲಿಲ್ಲ. ಸ್ವೀಡಿಷ್ ಭಾಷೆಯಲ್ಲಿ ಅವನಿಗೆ ಬರುತ್ತಿದ್ದುದು 'ಯಾ' ಎಂಬ ಒಂದು ಹೂಂಗುಟ್ಟುವಿಕೆ. ಜರ್ಮನ್ ಭಾಷೆಯಲ್ಲಿ ಸೈನ್ಯದಲ್ಲಿ ಕಲಿತ ಬೈಗುಳಗಳು. ಮಿಕ್ಕದ್ದೆಲ್ಲ ಇಡೊ.

ಇಡೊ ಅಂದರೆ ಯಾವ ತಾಯಿಯೂ ತೊಟ್ಟಿಲ ಪಕ್ಕ ಆಡದ ಭಾಷೆ. ಅದಕ್ಕೂ ಮುಂಚೆ ಇದ್ದ ಇನ್ನೊಂದು ಕಟ್ಟಿದ ಭಾಷೆ ಸರಿಯಿಲ್ಲ ಎಂದು ಪ್ಯಾರಿಸ್ಸಿನಲ್ಲಿ ಕೂತು ತಿದ್ದಿ ತೀಡಿ ಮಾಡಿದ್ದು. ಲೋಕದವರೆಲ್ಲ ಒಬ್ಬರಿಗೊಬ್ಬರು ಅರ್ಥವಾಗಲಿ ಎಂದು ಅದರ ಆಸೆ. ನಮ್ಮೂರಲ್ಲಿ ಅದನ್ನು ಆಡುತ್ತಿದ್ದವರನ್ನೆಲ್ಲ ಸೇರಿಸಿದರೆ ಒಂದು ಊಟದ ಮೇಜು ತುಂಬುತ್ತಿತ್ತು, ಅಷ್ಟೇ. ಪಾನನಿರೋಧ ಸಂಘದ ಕಟ್ಟಡದ ಹಿಂದಿನ ಕೋಣೆಯಲ್ಲಿ ಗುರುವಾರ ಗುರುವಾರ ಸೇರುತ್ತಿದ್ದೆವು. ಕಾಗದ ಮಡಿಚಿ ಹೊಲಿಯುವ ಕೆಲಸದಲ್ಲಿದ್ದ ರಾಗ್ನಾ ಮೊದಲು ಸೇರಿದವಳು. ಕಾಫಿ ಕಾಸಿಕೊಡಲು ಅಂತ ನನ್ನನ್ನು ಎಳೆದುಕೊಂಡು ಹೋದಳು. ಕಾಫಿ ಕಾಸುತ್ತಾ ಕಾಸುತ್ತಾ ಕಿವಿಗೆ ಬಿದ್ದದ್ದು ನಾಲಿಗೆಗೂ ಬಂತು. ಲೋರಾಂದ್ ಬಂದ ಮೇಲಂತೂ ಚೆನ್ನಾಗಿಯೇ ಬಂತು, ಏಕೆಂದರೆ ನನ್ನ ಹೊಗೆಗೂಡಿನಲ್ಲಿ ಸೌದೆ ಒಡೆಯುವ ಕೆಲಸ ಅವನಿಗೆ ಕೊಟ್ಟಿದ್ದೆ. ದಿನಾ ಬೆಳಗಾದರೆ ಅವನನ್ನು ಬೈಯುವುದಕ್ಕೆ ನನಗೊಂದು ಭಾಷೆ ಬೇಕಾಗಿತ್ತು. ಹಸಿ ಸೌದೆ ಒಟ್ಟಿದರೆ ಬೈಯಬೇಡವೇ?

ಗುರುವಾರದ ಕೂಟದಲ್ಲಿ ಒಂದು ಪದ್ಧತಿಯಿತ್ತು. ಬಟಾಣಿ ಸಾರಿನ ಊಟ ಮುಗಿದ ಮೇಲೆ ಒಬ್ಬರ ಪಾಲಿಗೆ ಒಂದು ಕ್ರಿಯಾಪದ ಬರುತ್ತಿತ್ತು. ಎದ್ದು ನಿಂತು ಅದರ ಬೇರು ಎಲ್ಲಿಯದು, ಅರ್ಥವೇನು, ಯಾವ ಕಾಲಕ್ಕೆ ಹೇಗೆ ತಿರುಗುತ್ತದೆ ಎಂದು ಹೇಳಬೇಕು. ಹೇಳಿ ಕೂತ ಮೇಲೆ ಜಗಳ ಶುರು. ಇಡೊ ಮಂದಿಗೆ ಜಗಳವೆಂದರೆ ಪ್ರಾಣ. ಅವರಲ್ಲಿ ಯಾವ ಪದವೂ ಸುಮ್ಮಸುಮ್ಮನೆ ಒಳಗೆ ಬರುವಂತಿಲ್ಲ. ದೊಡ್ಡ ದೊಡ್ಡ ಭಾಷೆಗಳಲ್ಲಿ ಅದರ ಬೇರು ಎಷ್ಟು ಜನರ ಬಾಯಿಗೆ ಪರಿಚಯ ಎಂದು ತಲೆ ಎಣಿಸುತ್ತಾರೆ, ತಲೆ ಹೆಚ್ಚಿದ್ದ ಪದ ಗೆಲ್ಲುತ್ತದೆ. ಎಣಿಕೆ ತಪ್ಪು ಅನ್ನಿಸಿದವರು ಮೇಲಿನ ಸಮಿತಿಗೆ ಬರೆದು ಪದ ಬದಲಿಸಿ ಎಂದು ಕೇಳಬಹುದು. ನಮ್ಮ ಕೂಟದ ಹಿರಿಯರು ಆಲ್ಗೊತ್ ಮೇಷ್ಟ್ರು. ಶಾಲೆಯಿಂದ ನಿವೃತ್ತಿಯಾದ ಮೇಲೆ ಅವರಿಗಿದ್ದ ಕಸುಬು ಅದೊಂದೇ, ಸಮಿತಿಗೆ ಬರೆಯುವುದು. ದೇವರಂಥ ಮನುಷ್ಯ, ಒಂದು ಸುಳ್ಳು ಹೇಳಿದರೆ ಅಲ್ಲೇ ನಾಲಿಗೆ ಬಿದ್ದುಹೋಗುತ್ತದೆ ಎಂದು ನಂಬಿದವರು.

ಒಂದು ಗುರುವಾರ ರಾಗ್ನಾಳ ಪಾಲಿಗೆ ಬಂದದ್ದು 'ವೋಲಾರ್'. ಎದ್ದು ನಿಂತಳು. ಇಟಲಿಯವರ ಬಾಯಲ್ಲಿ ಹೀಗಿದೆ, ಫ್ರೆಂಚರ ಬಾಯಲ್ಲಿ ಹೀಗಿದೆ, ಜರ್ಮನರಲ್ಲೂ ಇಂಗ್ಲಿಷರಲ್ಲೂ ರಷ್ಯನ್ನರಲ್ಲೂ ಇದೇ ಬೇರಿನ ಕವಲುಗಳಿವೆ ಎಂದಳು. ಅರ್ಥ ಬಂತು. ಸುಮ್ಮನೆ ಆಸೆಪಡುವುದಕ್ಕೆ ಬೇರೆ ಪದವಿದೆ, ಇದು ಮನಸ್ಸು ಗಟ್ಟಿಮಾಡಿಕೊಂಡು ಬೇಕು ಅನ್ನುವುದು ಎಂದಳು. ಆಮೇಲೆ ಪದವನ್ನು ತಿರುಗಿಸಿದಳು. ವೋಲಾಸ್ ಅಂದರೆ ಈಗ ಬೇಕು. ವೋಲಿಸ್, ಆಗಲೂ ಬೇಕಾಗಿತ್ತು. ವೋಲೋಸ್, ಮುಂದೆಯೂ ಬೇಕಾಗುತ್ತದೆ. ವೋಲುಸ್, ದಾರಿಯೊಂದಿದ್ದಿದ್ದರೆ ಬೇಕು ಅನ್ನುತ್ತಿದ್ದೆ. ವೋಲೆಝ್, ಮನಸ್ಸು ಮಾಡು. ನಾನು ಅಂದರೂ ಅಷ್ಟೇ, ನೀನು ಅಂದರೂ ಅಷ್ಟೇ, ರಾಜ ಅಂದರೂ ಅಷ್ಟೇ, ಪದದ ಬಾಲ ಬದಲಾಗುವುದಿಲ್ಲ. ಇಷ್ಟನ್ನೂ ಹೇಳಿದವಳು ಕಣ್ಣನ್ನು ಲೋರಾಂದನ ಮೇಲಿಂದ ಒಂದು ಸಲವೂ ಕೀಳಲಿಲ್ಲ. 'ವೋಲೆಝ್' ಅಂದಾಗ ಆ ಪುಣ್ಯಾತ್ಮ ಚಮಚ ಕೈಯಲ್ಲೇ ಹಿಡಿದುಕೊಂಡು ಎದ್ದು ನಿಂತುಬಿಟ್ಟ. ಮೇಷ್ಟ್ರು ತಲೆ ಎಣಿಸುವುದರಲ್ಲಿ ಮುಳುಗಿದ್ದರು. ನನಗೆ ಎಲ್ಲ ಗೊತ್ತಾಯಿತು.

ಮನೆಗೆ ಬರುವ ದಾರಿಯಲ್ಲೇ ಹಿಡಿದುಕೊಂಡೆ. "ಏನೇ ಇದು?"

"ಏನಮ್ಮಾ?"

"ಕ್ರಿಯಾಪದ ಹೇಳೇ ಅಂದ್ರೆ, ತುಂಬಿದ ಸಭೇಲಿ ಗಂಡು ಕೇಳಿದ್ಯಲ್ಲೇ!"

"ಕೇಳ್ದೆ. ಅವನೇ ಕೇಳ್ಲಿ ಅಂತ ಕೂತಿದ್ರೆ ನನಗೆ ತಲೆ ನರೆಯೋದು."

"ಬೂಟಿಗೆ ಅಡಿ ಇಲ್ಲ ಕಣೇ ಅವನಿಗೆ."

"ನೀನೇ ಹಾಕಿಸಿಕೊಟ್ಯಲ್ಲಮ್ಮಾ ಮೊನ್ನೆ. ಮರೆತ್ಯಾ?"

"ಸೌದೆ ಒಡೆಯೋನಿಗೆ ಕಾಲು ಕುಯ್ದುಕೊಳ್ಳದೆ ಇರ್ಲಿ ಅಂತ ಹಾಕಿಸ್ಕೊಟ್ಟೆ. ಮಗಳನ್ನ ಕರ್ಕೊಂಡು ಹೋಗ್ಲಿ ಅಂತಲ್ಲ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನಾನೂ ಅವಳೂ ಇಬ್ಬರೇ. ಜಗಳಕ್ಕೂ ಅವಳೇ, ರಾಜಿಗೂ ಅವಳೇ. ಅವಳು ಹೋಗುವುದು ನನಗೆ ಸುತರಾಂ ಇಷ್ಟವಿರಲಿಲ್ಲ, ಅದನ್ನು ಅವಳ ಮುಖಕ್ಕೇ ಹೇಳಿದೆ. ಅವಳು ಕೇಳಿಸಿಕೊಂಡಳು, ನನ್ನ ಕೈ ಹಿಡಿದುಕೊಂಡಳು, ಆದರೆ ಮನಸ್ಸು ಬದಲಿಸಲಿಲ್ಲ. ಹಟ ಅವಳಿಗೆ ನನ್ನಿಂದಲೇ ಬಂದದ್ದು, ಯಾರನ್ನು ದೂರಲಿ? ಹೋಗುವುದೇ ಆದರೆ ಮದುವೆಯಾಗಿ ಹೋಗಬೇಕು ಎಂದು ನಾನೂ ಹಟ ಹಿಡಿದೆ. ಯಾರದಾದರೂ ತಕರಾರಿದ್ದರೆ ಹೇಳಲಿ ಎಂದು ಭಾನುವಾರಗಳಲ್ಲಿ ಚರ್ಚಿನಲ್ಲಿ ಇಬ್ಬರ ಹೆಸರೂ ಕೂಗಿಸಿದ್ದಾಯಿತು. ಪಾದ್ರಿ ಮಾತ್ರ, ಹುಡುಗ ನಮ್ಮ ಚರ್ಚಿನವನಲ್ಲ, ಮದುವೆ ಪುರಭವನದಲ್ಲೇ ಮಾಡಿಸಿಕೊಳ್ಳಿ ಎಂದು ಕೈತೊಳೆದುಕೊಂಡರು.

ಹೀಗಾಗಿ ಆ ಮಧ್ಯಾಹ್ನ ನಾವು ಮ್ಯಾಜಿಸ್ಟ್ರೇಟ್ ಕ್ರೂನ್‌ವಾಲರ ಮುಂದೆ ನಿಂತಿದ್ದೆವು. ರಾಗ್ನಾ ನೀಲಿ ಉಡುಪು ಹಾಕಿಕೊಂಡು ಕೋಟಿಗೆ ಇಡೊ ಕೂಟದ ನಕ್ಷತ್ರದ ಬಿಲ್ಲೆ ಸಿಕ್ಕಿಸಿಕೊಂಡಿದ್ದಳು. ಲೋರಾಂದ್ ನನ್ನ ಗಂಡನ ಕರಿ ಕೋಟಿನಲ್ಲಿದ್ದ, ತೋಳು ಗಿಡ್ಡವಾಗಿ ಮಣಿಕಟ್ಟು ಆಚೆ ಬಂದಿತ್ತು. ಆಲ್ಗೊತ್ ಮೇಷ್ಟ್ರು ಸಾಕ್ಷಿಯೂ ಹೌದು, ದುಭಾಷಿಯೂ ಹೌದು. ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ.

ಕ್ರೂನ್‌ವಾಲರು ಕೆಟ್ಟವರಲ್ಲ. ನನ್ನ ಹೊಗೆಮೀನಿಗೆ ಹಳೆಯ ಗಿರಾಕಿ. ಆದರೆ ಕಾನೂನಿನ ಕನ್ನಡಕ ಹಾಕಿಕೊಂಡರೆ ಅವರಿಗೆ ನಾನು ಯಾರೆಂದೇ ಕಾಣುತ್ತಿರಲಿಲ್ಲ. ಹುಡುಗನ ಕಡೆ ತಿರುಗಿ ಸ್ವೀಡಿಷ್‌ನಲ್ಲಿ ಕೇಳಿದರು, "ನಿಮಗೆ ನನ್ನ ಮಾತು ಅರ್ಥ ಆಗುತ್ತಾ?"

"ಯಾ," ಎಂದ ಲೋರಾಂದ್.

"ಈ ಮದುವೆಗೆ ನಿಮ್ಮ ಒಪ್ಪಿಗೆ ಇದೆಯಾ?"

"ಯಾ."

ಕ್ರೂನ್‌ವಾಲರು ಕನ್ನಡಕದ ಮೇಲಿಂದ ನೋಡಿದರು. "ನಿಮಗೆ ಈಗಾಗಲೇ ಮದುವೆ ಆಗಿದೆಯಾ?"

"ಯಾ."

"ಮಕ್ಕಳೂ ಇದ್ದಾರಾ?"

"ಯಾ, ಯಾ," ಎಂದು ಆ ಮಹಾನುಭಾವ ಮುಖವರಳಿಸಿಕೊಂಡು ಎರಡು ಸಲ ಹೇಳಿದ.

ಅಯ್ಯೋ ದೇವರೇ! ರಾಗ್ನಾ ಅವನ ಕಾಲು ತುಳಿದಳು. ಗುಮಾಸ್ತ ಮುಖ ಆಚೆ ತಿರುಗಿಸಿಕೊಂಡು ನಕ್ಕ. ಕ್ರೂನ್‌ವಾಲರು ನಗಲಿಲ್ಲ. "ಗಿಳೀನೂ ಹೂಂ ಅನ್ನುತ್ತೆ. ಏನಕ್ಕೆ ಹೂಂ ಅಂದೆ ಅಂತ ಇವರಿಗೆ ಗೊತ್ತಿರಬೇಕು, ಹಾಗಂತ ಕಾನೂನು. ಹಂಗೇರಿ ಭಾಷೆಯ ದುಭಾಷಿ ಯಾರಾದರೂ ಇದ್ದಾರಾ?"

"ಸ್ಟಾಕ್‌ಹೋಮಲ್ಲಿ ಒಬ್ಬರಿದ್ದಾರಂತೆ, ಬರೋಕೆ ಮುಂದಿನ ವಾರ ಆಗುತ್ತೆ," ಎಂದಳು ರಾಗ್ನಾ. "ಹಡಗು ಸಂಜೆಗಿದೆ ಸ್ವಾಮಿ. ಇವನಿಗೆ ಇಡೊ ಚೆನ್ನಾಗಿ ಬರುತ್ತೆ. ಆಲ್ಗೊತ್ ಮೇಷ್ಟ್ರು ಅದನ್ನ ಸ್ವೀಡಿಷ್‌ಗೆ ಹೇಳ್ತಾರೆ."

"ಇಡೊ," ಎಂದು ಕ್ರೂನ್‌ವಾಲರು ಆ ಪದವನ್ನು ಬಾಯಲ್ಲಿ ಹೊರಳಿಸಿದರು. "ಅದು ಯಾವ ದೇಶದ್ದು?"

ಮೇಷ್ಟ್ರಿಗೆ ಅಷ್ಟೇ ಸಾಕಾಗಿತ್ತು. ಪಾಪ, ಜೀವಮಾನದಲ್ಲಿ ಒಂದು ಸಲವಾದರೂ ಸರ್ಕಾರದವರು ಈ ಪ್ರಶ್ನೆ ಕೇಳಲಿ ಎಂದು ಕಾದಿದ್ದವರು. ಯಾವ ದೇಶದ್ದೂ ಅಲ್ಲ, ಅದಕ್ಕೇ ಎಲ್ಲ ದೇಶದ್ದು ಎಂದರು. ಹುಡುಗ ಇವತ್ತು ಆಡಬೇಕಾದ ಮಾತು ಒಂದೇ, 'ವೋಲಾಸ್' ಎಂದರು. ಅದರ ಬೇರು ಹಿಡಿದು ರೋಮಿನವರೆಗೆ ಹೋಗಿಬಂದರು. "ಇಟಲಿಯೋರು ವೊಲೇರೆ ಅಂತಾರೆ ಸ್ವಾಮಿ, ಫ್ರೆಂಚರು ವುಲ್ವಾರ್ ಅಂತಾರೆ, ಜರ್ಮನರು ವೊಲ್ಲೆನ್ ಅಂತಾರೆ. ನಾವು ವಿಲ್ಯಾ ಅನ್ನಲ್ವೇ? ಎಲ್ಲಾ ಒಂದೇ ಮನೆ ಮಕ್ಕಳು!" ಕ್ರೂನ್‌ವಾಲರು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು. ತಿರುಗಿಸಿ ತೋರಿಸಿ ಎಂದರು. ಮೇಷ್ಟ್ರು ತೋರಿಸಿದರು, ನಿನ್ನೆಗೆ ಹೀಗೆ, ಇವತ್ತಿಗೆ ಹೀಗೆ, ನಾಳೆಗೆ ಹೀಗೆ.

"ಬರೀ ಆಸೆ ಅಂತ ಅಲ್ಲವಲ್ಲ ಇದರ ಅರ್ಥ?"

"ಅಲ್ಲ ಅಲ್ಲ. ಆಸೆಗೆ ಬೇರೆ ಪದ ಇದೆ. ಇದು ಸಂಕಲ್ಪ."

"ಅಚ್ಚುಕಟ್ಟಾಗಿದೆಯಲ್ಲ ನಿಮ್ಮ ಭಾಷೆ," ಎಂದರು ಕ್ರೂನ್‌ವಾಲರು. ಪ್ರಮಾಣದ ಬೈಬಲ್ ಹತ್ತಿರಕ್ಕೆ ಎಳೆದುಕೊಂಡರು. ರಾಗ್ನಾ ಉಸಿರು ಬಿಟ್ಟಳು. "ಸರಿ ಹಾಗಾದರೆ. ಈ ಪದದ ಅರ್ಥ ಇದೇ, ಇದು ಗಟ್ಟಿಯಾಗಿ ನಿಂತ ಪದ, ಇದರಲ್ಲಿ ಬದಲಾವಣೆ ಇಲ್ಲ ಅಂತ ಪ್ರಮಾಣ ಮಾಡಿ ಮೇಷ್ಟ್ರೇ."

ಮೇಷ್ಟ್ರು ಬೈಬಲ್ ಮೇಲೆ ಕೈಯಿಟ್ಟರು. ಬಾಯಿ ತೆರೆದರು. ಕೈ ಹಿಂದಕ್ಕೆ ತೆಗೆದರು.

"ಅಂದ್ರೆ... ಸ್ವಾಮಿ, ಒಂದು ವಿಷಯ ಹೇಳ್ಬೇಕಾಗುತ್ತೆ. ಆ ಪದ ಬದಲಿಸಿ ಅಂತ ಸಮಿತಿ ಮುಂದೆ ಒಂದು ಅರ್ಜಿ ಇದೆ."

"ಯಾರದು ಅರ್ಜಿ?"

"ನಂದೇ."

ನನಗೆ ಕುರ್ಚಿಯಿಂದ ಎದ್ದು ಅವರ ಬೋಳುತಲೆಗೆ ಒಂದು ಕೊಡೋಣ ಅನ್ನಿಸಿತು. ಮೇಷ್ಟ್ರು ನಿಲ್ಲಿಸಲಿಲ್ಲ. ಎಣಿಕೆಯಲ್ಲಿ ಉತ್ತರದ ನಾಡುಗಳಿಗೆ ಅನ್ಯಾಯವಾಗಿದೆ, ಇಂಗ್ಲಿಷರನ್ನೂ ನಮ್ಮನ್ನೂ ಡೇನರನ್ನೂ ಸೇರಿಸಿ ಎಣಿಸಿದರೆ 'ವೋ' ಬದಲು 'ವಿ' ಇರಬೇಕಾಗಿತ್ತು, ಉತ್ತರ ಇನ್ನೂ ಬಂದಿಲ್ಲ, ಬಂದರೂ ಬರಬಹುದು ಎಂದು ಬೆವರು ಒರೆಸಿಕೊಳ್ಳುತ್ತಾ ವಿವರಿಸಿದರು. ಇಂಥ ಎಡವಟ್ಟನ್ನು ಇಡೊ ಮಂದಿಯಲ್ಲದೆ ಭೂಮಿಯ ಮೇಲೆ ಬೇರೆ ಯಾರಾದರೂ ಮಾಡುತ್ತಾರೆಯೇ? ಸ್ವೀಡಿಷ್ ಮಾತಿನಲ್ಲಿ ನಾಳೆ ಒಂದು ಪದ ಇರುತ್ತದೋ ಇಲ್ಲವೋ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇವರಿಗೆ ಅದೇ ಕೆಲಸ.

ಕ್ರೂನ್‌ವಾಲರು ಬೈಬಲನ್ನು ಪಕ್ಕಕ್ಕೆ ಸರಿಸಿದರು. "ಅಂದರೆ ಇವತ್ತು ಈ ಹುಡುಗ ಒಂದು ಮಾತು ಕೊಡ್ತಾನೆ, ಮುಂದಿನ ತಿಂಗಳು ಆ ಮಾತೇ ಇರಲ್ಲ. ಹೌದಾ?"

"ಇರೋದಿಲ್ಲ ಅಂತಲ್ಲ, ಬೇರೆ ರೂಪದಲ್ಲಿ..."

"ಸಾಕು ಮೇಷ್ಟ್ರೇ. ಪ್ರಮಾಣ ಮಾಡ್ತೀರೋ ಇಲ್ಲವೋ?"

ಮೇಷ್ಟ್ರು ತಲೆ ತಗ್ಗಿಸಿದರು. ರಾಗ್ನಾ ಅವರ ತೋಳು ಹಿಡಿದು ಅಲುಗಿಸಿದಳು. "ಮೇಷ್ಟ್ರೇ, ಇದೊಂದು ದಿನ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ ನಿಮಗೆ? ಇದೊಂದೇ ದಿನ!"

"ಬೈಬಲ್ ಮುಟ್ಟಿ ಸುಳ್ಳು ಹೇಳ್ಲಾ ಮಗಳೇ?" ಅವರ ಕಣ್ಣಲ್ಲಿ ನೀರು ತುಂಬಿತ್ತು.

"ಸುಳ್ಳು ಯಾರು ಹೇಳಿ ಅಂದ್ರು? ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ರೆ ಸಾಕಿತ್ತು."

"ಬದಲಾವಣೆ ಇಲ್ಲ ಅಂತ ಹೇಳಿ ಅಂದ್ರಲ್ಲಮ್ಮಾ..."

ಲೋರಾಂದನಿಗೆ ಸ್ವೀಡಿಷ್ ತಿಳಿಯದಿದ್ದರೂ ಮುಖ ತಿಳಿಯುತ್ತದಲ್ಲ. ಅವನು ರಾಗ್ನಾಳ ಕಿವಿಯ ಹತ್ತಿರ ಬಗ್ಗಿ ಇಡೊದಲ್ಲಿ ಏನೋ ಕೇಳಿದ. ಅವಳು ಎಲ್ಲವನ್ನೂ ಹೇಳಿದಳು. ಅವನು ಬಿಳಿಚಿಕೊಂಡ. ಆಮೇಲೆ, ನಿನ್ನನ್ನು ಹೀಗೆ ಬಿಟ್ಟುಹೋಗುವ ಬದಲು ಹಡಗು ಹತ್ತುವುದೇ ಇಲ್ಲ, ಪೊಲೀಸರು ಏನು ಬೇಕಾದರೂ ಮಾಡಿಕೊಳ್ಳಲಿ ಎಂದ. ಅವಳು ಥಟ್ಟನೆ, ಹುಚ್ಚುಹುಚ್ಚಾಗಿ ಆಡಬೇಡ, ಜೈಲಿನಲ್ಲಿ ಕೂತವನನ್ನು ಕಟ್ಟಿಕೊಂಡು ನಾನೇನು ಮಾಡಲಿ ಎಂದು ಅವನ ಬಾಯಿ ಮುಚ್ಚಿಸಿದಳು. ಆಮೇಲೆ ಕ್ರೂನ್‌ವಾಲರ ಕಡೆ ತಿರುಗಿದಳು.

"ಸ್ವಾಮಿ, ನಾನು ಹೋಗಲ್ಲ ಇಲ್ಲಿಂದ. ಮದುವೆ ಆಗೋವರೆಗೂ ಹೋಗಲ್ಲ. ಬಾಗಿಲು ಹಾಕೋ ಹೊತ್ತಾದ್ರೆ ನನ್ನನ್ನ ಒಳಗೇ ಇಟ್ಟು ಹಾಕ್ಕೊಳ್ಳಿ."

"ನೋಡಮ್ಮ, ನನಗೇನು ಹಟ ಇಲ್ಲ," ಎಂದರು ಅವರು. ದನಿಯಲ್ಲಿ ಬೇಸರವಿತ್ತು. "ಇವನ ಭಾಷೆ ಬಲ್ಲವರು ಇನ್ನೊಬ್ಬರನ್ನ ತನ್ನಿ, ಪ್ರಮಾಣ ಮಾಡಿಸಿ, ಈಗಲೇ ಮದುವೆ ಮಾಡಿಸ್ತೀನಿ. ನೀನು ಮಾಡುವ ಹಾಗಿಲ್ಲ, ಮದುವಣಗಿತ್ತಿ ನೀನು. ಇನ್ನು ಯಾರಿದ್ದಾರೆ?"

ಇಡೊ ಬಲ್ಲ ಮಿಕ್ಕವರು ಕಾರ್ಖಾನೆಗಳಲ್ಲಿ ದುಡಿಯುವವರು, ಅವತ್ತು ಕೆಲಸದಲ್ಲಿದ್ದರು, ಸೈರನ್ ಕೂಗುವವರೆಗೂ ಯಾರನ್ನೂ ಆಚೆ ಬಿಡುವುದಿಲ್ಲ. ಸೈರನ್ ಕೂಗುವ ಹೊತ್ತಿಗೆ ಹಡಗಿನ ಹಲಗೆ ಎತ್ತಿರುತ್ತಾರೆ.

ನಾನು ಗೋಡೆಯ ಪಕ್ಕ ಕೂತಿದ್ದೆ. ಆ ಗಳಿಗೆಯಲ್ಲಿ ನನಗೆ ಏನಾಯಿತು ಎಂದು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಸಂತೋಷವಾಯಿತು. ಎದೆಯೊಳಗೆ ಬಿಸಿ ಬಿಸಿಯಾಗಿ ಸಂತೋಷವಾಯಿತು. ನಾನು ತಡೆಯಲಿಲ್ಲ, ನಾನು ಕೆಡಿಸಲಿಲ್ಲ, ಆದರೂ ಮಗಳು ಉಳಿದಳು. ರಾತ್ರಿ ಅವಳು ಅಳುತ್ತಾಳೆ, ನಾನು ಬಿಸಿ ಹಾಲು ಕೊಡುತ್ತೇನೆ. ಚಳಿಗಾಲ ಕಳೆದರೆ ಮರೆಯುತ್ತಾಳೆ. ನಾನು ಕೂತೇ ಇದ್ದರೆ ಸಾಕು. ಕುರ್ಚಿ ಗಟ್ಟಿಯಾಗಿತ್ತು, ಕೂರುವುದು ಸುಲಭವಾಗಿತ್ತು.

ರಾಗ್ನಾ ನನ್ನ ಕಡೆ ನೋಡಲಿಲ್ಲ. ಅದೇ ನನ್ನನ್ನು ಚುಚ್ಚಿತು. ಅವಳಿಗೆ ಗೊತ್ತಿತ್ತು, ಈ ಕೋಣೆಯಲ್ಲಿ ಇಡೊ ಬಲ್ಲವರು ಇನ್ನೊಬ್ಬರಿದ್ದಾರೆ ಎಂದು. ದಿನಾ ಬೆಳಿಗ್ಗೆ ನಾನು ಅವನನ್ನು ಬೈಯುವುದು ಅವಳ ಕಿವಿಗೆ ಬೀಳುತ್ತಿತ್ತಲ್ಲ. ಒಂದು ಸಲ ತಿರುಗಿ 'ಅಮ್ಮಾ' ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಎಲ್ಲರ ಮುಂದೆ ಕೇಳಿ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದು ಎಂದು, ಅಷ್ಟು ಸಂಕಟದಲ್ಲೂ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ನೋಡುತ್ತಾ ನಿಂತಿದ್ದಳು. ನನ್ನ ಮೇಲೆ ಅಷ್ಟು ಮರುಕ ತೋರಿಸಿದ ಹುಡುಗಿಗೆ ನಾನೇನು ಕೊಟ್ಟೆ? ಒಂದು ಲೋಟ ಬಿಸಿ ಹಾಲು?

ಎದ್ದೆ. "ನನಗೆ ಬರುತ್ತೆ," ಎಂದೆ.

ಎಲ್ಲರೂ ತಿರುಗಿದರು. "ಏನು ಬರುತ್ತೆ ಬೂರೆ ಅಮ್ಮನವರೇ?" ಎಂದರು ಕ್ರೂನ್‌ವಾಲರು.

"ಅದೇ, ಇಡೊ. ಮೇಷ್ಟ್ರಷ್ಟು ಚೆಂದ ಬರಲ್ಲ. ಆದ್ರೆ ನಾನು ಹೇಳಿದ್ದು ಇವನಿಗೆ ತಿಳಿಯುತ್ತೆ, ಇವನು ಹೇಳಿದ್ದು ನನಗೆ ತಿಳಿಯುತ್ತೆ. ಪ್ರಮಾಣ ನಾನು ಮಾಡ್ತೀನಿ."

ಅವರು ಕನ್ನಡಕ ತೆಗೆದು ಒರೆಸಿದರು. "ಟೆಕ್ಲಾ ಬೂರೆ, ನೀವು ಹುಡುಗಿಯ ತಾಯಿ. ಮದುವೆಯಿಂದ ಲಾಭ ಇರುವವರು ದುಭಾಷಿ ಆಗಬಾರದು. ಅದೇ ನಿಯಮದ ಉದ್ದೇಶ."

"ಲಾಭವಾ?" ನನಗೆ ರೇಗಿಹೋಯಿತು. "ಯಾರಿಗೆ ಲಾಭ ಸ್ವಾಮಿ? ಇವನು ಬೇಕು ಅಂದ್ರೆ ಇವತ್ತು ಸಂಜೆ ನನ್ನ ಮಗಳು ಹಡಗು ಹತ್ತುತ್ತಾಳೆ. ಇರೋದೊಂದೇ ನನಗೆ. ಇವನು ಬೇಡ ಅಂದ್ರೆ ಅವಳು ನನ್ನ ಜೊತೆ ಮನೆಗೆ ಬರ್ತಾಳೆ. ಈ ಕೋಣೇಲಿ ಈ ಮದುವೆಯಿಂದ ನಷ್ಟ ಆಗೋದು ಒಬ್ಬಳಿಗೇ, ಅದು ನನಗೆ. ಸುಳ್ಳು ಹೇಳೋದಾಗಿದ್ರೆ ಮದುವೆ ಮುರಿಯೋಕೆ ಹೇಳ್ಬೇಕಾಗಿತ್ತು. ನನಗಿಂತ ಒಳ್ಳೇ ದುಭಾಷಿ ನಿಮಗೆ ಎಲ್ಲಿ ಸಿಗ್ತಾರೆ, ಹೇಳಿ!"

"ಅಮ್ಮಾ," ಎಂದಳು ರಾಗ್ನಾ.

"ನೀನು ಸುಮ್ನಿರೇ. ದೊಡ್ಡೋರು ಮಾತಾಡ್ತಿದ್ದೀವಿ."

ಕ್ರೂನ್‌ವಾಲರು ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ಭುಜ ಕುಣಿಸಿದ. "ಆ ಪದ?" ಎಂದು ಅವರು ಮೆತ್ತಗೆ ಕೇಳಿದರು. "ನಾಳೆ ಬದಲಾಗಬಹುದು ಅಂತಾರಲ್ಲ ಮೇಷ್ಟ್ರು."

"ಬದಲಾಗ್ಲಿ ಬಿಡಿ. ಹತ್ತು ಸಲ ಬದಲಾಯಿಸ್ಲಿ, ಅದು ಅವರ ಚಟ. ನೀವು ನನ್ನನ್ನ ಕೇಳ್ತಿರೋದು ಇವತ್ತು ಈ ಹುಡುಗ ಆಡೋ ಮಾತಿನ ಅರ್ಥ ತಾನೇ? ಅದಕ್ಕೆ ನಾನು ಜವಾಬ್ದಾರಿ. ಮುಂದೆ ಪದ ಬದಲಾಯ್ತು ಅಂತ ಇವನೂ ಬದಲಾದ್ರೆ, ಮೀನು ಸೀಳೋ ಚಾಕು ತಗೊಂಡು ಸ್ವಿಟ್ಜರ್ಲೆಂಡಿಗೆ ನಾನೇ ಹೋಗ್ತೀನಿ. ಅದಕ್ಕೆ ಭಾಷೆ ಬೇಕಾಗಲ್ಲ."

ಗುಮಾಸ್ತ ಕೆಮ್ಮಿದ. ಕ್ರೂನ್‌ವಾಲರು ಬೈಬಲನ್ನು ಮತ್ತೆ ಮುಂದಕ್ಕೆ ತಳ್ಳಿದರು. ನಾನು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಇಟ್ಟೆ. ಬೆರಳಲ್ಲಿ ಹೊಗೆಯ ವಾಸನೆ ಇನ್ನೂ ಇತ್ತು. ಕೇಳಿದ್ದನ್ನು ಕೇಳಿದಂತೆ, ಹೇಳಿದ್ದನ್ನು ಹೇಳಿದಂತೆ ಒಂದು ಭಾಷೆಯಿಂದ ಇನ್ನೊಂದಕ್ಕೆ ತಲುಪಿಸುತ್ತೇನೆ, ಸೇರಿಸುವುದಿಲ್ಲ, ಬಿಡುವುದಿಲ್ಲ ಎಂದು ಪ್ರಮಾಣ ಮಾಡಿದೆ. ಆಲ್ಗೊತ್ ಮೇಷ್ಟ್ರು ಮೂಲೆಯಲ್ಲಿ ನಿಂತು ಕರವಸ್ತ್ರದಲ್ಲಿ ಮೂಗು ಸೀಟಿದರು.

ಮೊದಲು ರಾಗ್ನಾಳನ್ನು ಕೇಳಿದರು. ಅವಳಿಗೆ ದುಭಾಷಿ ಬೇಕಾಗಿರಲಿಲ್ಲ, ಆದರೆ ಅವಳು ಕೊಟ್ಟ ಉತ್ತರ ಹುಡುಗನಿಗೆ ತಿಳಿಯಬೇಕಿತ್ತು. ಅವಳ ಪರವಾಗಿ ನಾನು ಅವನ ಕಡೆ ತಿರುಗಿ, ಇವಳಿಗೆ ನೀನು ಬೇಕಂತೆ ಎಂದೆ. ಅದು ಸುಲಭವಾಗಿತ್ತು.

ಆಮೇಲೆ ಕ್ರೂನ್‌ವಾಲರು ಎದ್ದು ನಿಂತು, ಲೋರಾಂದ್ ಬೊದ್ನಾರ್, ಈ ರಾಗ್ನಾಳನ್ನು ನಿನ್ನ ಹೆಂಡತಿಯಾಗಿ ತೆಗೆದುಕೊಂಡು ಸುಖದಲ್ಲೂ ಕಷ್ಟದಲ್ಲೂ ಪ್ರೀತಿಸಲು ನಿನಗೆ ಮನಸ್ಸಿದೆಯೇ ಎಂದು ಸ್ವೀಡಿಷ್‌ನಲ್ಲಿ ಕೇಳಿ ನನ್ನ ಕಡೆ ಕೈ ತೋರಿಸಿದರು.

ನಾನು ಅವನೆದುರು ನಿಂತೆ. ಇಡೊದಲ್ಲಿ ಆ ಹುಡುಗನಿಗೆ ನಾನು ಅಲ್ಲಿಯವರೆಗೆ ಆಡಿದ್ದೆಲ್ಲ ಸೌದೆಯ ಮಾತು, ಉಪ್ಪಿನ ಮಾತು, ಹೊತ್ತಾಯಿತು ಏಳೋ ಎಂಬ ಮಾತು. ಈಗ ನನ್ನ ಮಗಳನ್ನು ತೆಗೆದುಕೊಂಡು ಹೋಗುತ್ತೀಯಾ ಎಂದು ನನ್ನ ಬಾಯಿಂದಲೇ ಅವನನ್ನು ಕೇಳಬೇಕು. ಒಂದೊಂದೇ ಪದ ಹುಡುಕಿ ಕೇಳಿದೆ. 'ಕಷ್ಟದಲ್ಲೂ' ಅನ್ನುವಲ್ಲಿಗೆ ಬಂದು ನಿಂತೆ, ಮತ್ತೆ ಮೊದಲಿಂದ ಕೇಳಿದೆ. ಬಿಡುವುದಿಲ್ಲ ಎಂದು ಪ್ರಮಾಣ ಮಾಡಿದ್ದೆನಲ್ಲ.

ಅವನು ಮ್ಯಾಜಿಸ್ಟ್ರೇಟರನ್ನು ನೋಡಲಿಲ್ಲ, ರಾಗ್ನಾಳನ್ನೂ ನೋಡಲಿಲ್ಲ. ನನ್ನನ್ನೇ ನೋಡುತ್ತಾ, "ಮೆ ವೋಲಾಸ್," ಎಂದ.

ಆ ಮಾತಿನ ಅರ್ಥ ಕೋಣೆಯಲ್ಲಿದ್ದ ಎಲ್ಲರಿಗೂ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಗುಮಾಸ್ತನಿಗೂ ಗೊತ್ತಿತ್ತು. ಆದರೆ ನಾನು ಸ್ವೀಡಿಷ್‌ನಲ್ಲಿ ಹೇಳುವವರೆಗೂ ಅವನು ಏನೂ ಹೇಳಿದಂತಲ್ಲ, ಕಾನೂನು ಹಾಗೆ. ಗುಮಾಸ್ತ ಲೇಖನಿ ಎತ್ತಿಕೊಂಡು ಕಾದ. ಆಚೆ ಬಂದರಿನಲ್ಲಿ ಹಡಗಿಗೆ ಕಲ್ಲಿದ್ದಲು ಸುರಿಯುವ ಸದ್ದು ಕೇಳಿಸುತ್ತಿತ್ತು.

"ಏನಂದರು ಅವರು, ಬೂರೆ ಅಮ್ಮನವರೇ?" ಎಂದರು ಕ್ರೂನ್‌ವಾಲರು.

ನಾನು ಮಗಳ ಮುಖ ನೋಡಿದೆ. ಕಣ್ಣು ತುಂಬ ನೋಡಿಕೊಂಡೆ.

"ಬೇಕು ಅಂದ," ಎಂದೆ. "ನನ್ನ ಮಗಳು ಇವನಿಗೆ ಬೇಕಂತೆ. ಬರ್ಕೊಳ್ಳಿ."